ಹೂಗಿಡಗಳ ವಿಚಿತ್ರಗಳನ್ನು ಮನೆಯಲ್ಲೇ ಪರೀಕ್ಷಿಸಿ ನೋಡುವ ಬಗೆ

ರಫ್ಲೇಸಿಯಾ ಅರ್ನಾಲ್ಡಿ ಎಂಬ ಹೂವು ಸುಮಾರು ಒಂದು ಮೀಟರ್ ಅಗಲಕ್ಕೆ ಅರಳುತ್ತದೆ. ಆ ಸಸ್ಯಕ್ಕೆ ಎಲೆಯೂ ಇಲ್ಲ, ಕಾಂಡವೂ ಇಲ್ಲ. ಇದನ್ನು ಓದಿ ಬೆರಗಾಗಬಹುದೇ ಹೊರತು, ಸುಮಾತ್ರಾದ ಕಾಡಿಗೆ ಹೋಗದೆ ಪರೀಕ್ಷಿಸಿ ನೋಡಲಾಗದು. ಅದಕ್ಕೆ ಸರಿಸಾಟಿಯಾದ ವಿಚಿತ್ರಗಳು ಕುಂಡದಲ್ಲಿ ಬೆಳೆಯುವ ಸಾಮಾನ್ಯ ಗಿಡಗಳಲ್ಲೇ ಇವೆ. ಒಂದು ಭೂತಗನ್ನಡಿ, ಹೊಸ ಬ್ಲೇಡು, ಗುಂಡುಸೂಜಿ, ಬಿಳಿ ಹಾಳೆ ಮತ್ತು ಬೆಳಕು ನುಸುಳದ ರಟ್ಟಿನ ಪೆಟ್ಟಿಗೆ ಇದ್ದರೆ ಅವನ್ನು ಕಣ್ಣಾರೆ ಕಾಣಬಹುದು.

ಮೊದಲು ಸೂರ್ಯಕಾಂತಿಯನ್ನು ತೆಗೆದುಕೊಳ್ಳಿ. ಸೇವಂತಿಗೆಯೂ ಇದೇ ಕುಟುಂಬದ್ದಾದರೂ, ಒತ್ತಾಗಿ ಎಸಳು ತುಂಬಿದ ತಳಿಗಳಲ್ಲಿ ನಡುವಿನ ಭಾಗ ಮುಚ್ಚಿಹೋಗಿರುವುದರಿಂದ ಈ ಕೆಲಸಕ್ಕೆ ಅವು ಒಗ್ಗುವುದಿಲ್ಲ. ಅರ್ಧ ಅರಳಿದ ಹೂವನ್ನು ಬ್ಲೇಡಿನಿಂದ ಮೇಲಿನಿಂದ ಕೆಳಕ್ಕೆ ಸೀಳಿ, ನಡುವಿನ ಕಂದು ಭಾಗದಿಂದ ಒಂದು ಕಡ್ಡಿಯಂಥ ತುಣುಕನ್ನು ಸೂಜಿಯಿಂದ ಬಿಡಿಸಿ ಹಾಳೆಯ ಮೇಲಿಡಿ. ಆ ತುಣುಕೇ ಒಂದು ಪೂರ್ಣ ಹೂವು: ಐದು ಹಲ್ಲುಗಳ ಪುಟ್ಟ ಕೊಳವೆ, ಅದರೊಳಗೆ ಒಂದಕ್ಕೊಂದು ಅಂಟಿಕೊಂಡ ಪರಾಗಕೋಶಗಳು, ತಳದಲ್ಲಿ ಮುಂದೆ ಬೀಜವಾಗಲಿರುವ ಅಂಡಾಶಯ. ನಾವು ಒಂದು ಹೂವೆಂದು ಕರೆಯುವುದು ವಾಸ್ತವದಲ್ಲಿ ನೂರಾರು ಹೂಗಳ ಗುಂಪು. ಅಂಚಿನ ಹಳದಿ ಎಸಳುಗಳು ಕೂಡ ಒಂದೊಂದೂ ಪ್ರತ್ಯೇಕ ಹೂವೇ, ಆದರೆ ಅವು ಬೀಜ ಕಟ್ಟುವುದಿಲ್ಲ. ಅರಳುವಿಕೆ ಅಂಚಿನಿಂದ ನಡುವಿಗೆ ಸಾಗುವುದರಿಂದ, ಅಂಚಿನಿಂದ ಒಳಕ್ಕೆ ಭೂತಗನ್ನಡಿಯನ್ನು ಸರಿಸುತ್ತ ಹೋದರೆ ಎರಡಾಗಿ ಕವಲೊಡೆದು ಸುರುಳಿಯಾದ ಶಲಾಕಾಗ್ರ (ಪರಾಗ ಹಿಡಿಯುವ ತುದಿ), ಪರಾಗವನ್ನು ಹೊರದೂಡುತ್ತಿರುವ ಹೂವು, ಇನ್ನೂ ಮೊಗ್ಗಾಗಿರುವ ಹೂವು ಎಲ್ಲವೂ ಒಂದೇ ತಟ್ಟೆಯಲ್ಲಿ ಕ್ರಮವಾಗಿ ಕಾಣುತ್ತವೆ.

ಎಸಳೆಂದು ತೋರುವುದೆಲ್ಲ ಎಸಳಲ್ಲ ಎಂಬುದನ್ನು ಬೋಗನ್‌ವಿಲ್ಲಾ ಇನ್ನೂ ಚೆನ್ನಾಗಿ ತೋರಿಸುತ್ತದೆ. ಅದರ ಗುಲಾಬಿ ಬಣ್ಣದ ಹಾಳೆಯೊಂದನ್ನು ಕಿತ್ತು ಬೆಳಕಿಗೆ ಹಿಡಿಯಿರಿ. ಎಲೆಯಲ್ಲಿರುವಂತೆಯೇ ನಡುನರವೂ ಬಲೆಯಂಥ ಕವಲುನರಗಳೂ ಇರುತ್ತವೆ, ಏಕೆಂದರೆ ಅದು ಬಣ್ಣ ತಾಳಿದ ಎಲೆ. ನಡುನರಕ್ಕೆ ಅಂಟಿಕೊಂಡು ಮೇಲೇಳುವ ತೆಳ್ಳನೆಯ ಕೊಳವೆಯೇ ನಿಜವಾದ ಹೂವು. ಅದರ ತುದಿಯ ಬಿಳಿ ನಕ್ಷತ್ರವೂ ಎಸಳಲ್ಲ, ಪುಷ್ಪಪಾತ್ರೆ, ಅಂದರೆ ಸಾಮಾನ್ಯವಾಗಿ ಹೂವಿನ ಬುಡದಲ್ಲಿ ಹಸಿರಾಗಿರುವ ಹೊರಕವಚ. ಈ ಗಿಡದ ಹೂವಿಗೆ ಎಸಳುಗಳೇ ಇಲ್ಲ. ಇದರ ಕುಟುಂಬಕ್ಕೇ ಸೇರಿದ ಸಂಜೆಮಲ್ಲಿಗೆಯ ಕಥೆಯೂ ಅಷ್ಟೇ: ಬಣ್ಣದ ತುತ್ತೂರಿ ಅದರ ಪುಷ್ಪಪಾತ್ರೆ, ಬುಡದಲ್ಲಿ ಪುಷ್ಪಪಾತ್ರೆಯಂತೆ ನಟಿಸುವ ಹಸಿರು ಬಟ್ಟಲು ಐದು ಎಲೆಗಳ ಕೂಟ.

ಸಂಜೆಮಲ್ಲಿಗೆಯ ಕೆಲವು ಗಿಡಗಳಲ್ಲಿ ಒಂದು ಕೊಂಬೆ ಹಸಿರು, ಇನ್ನೊಂದು ಬಿಳಿ, ಮತ್ತೊಂದು ಎರಡೂ ಬೆರೆತ ಮಚ್ಚೆಯದ್ದು ಆಗಿರುವುದುಂಟು. ಅಂಥ ಗಿಡ ಸಿಕ್ಕರೆ ಪ್ರತಿ ಕೊಂಬೆಯ ಬೀಜವನ್ನು ಬೇರೆ ಬೇರೆ ಪೊಟ್ಟಣದಲ್ಲಿಟ್ಟು ಬಿತ್ತಿ. ಪರಾಗ ಎಲ್ಲಿಂದ ಬಂದಿದ್ದರೂ ಹಸಿರು ಕೊಂಬೆಯ ಬೀಜದಿಂದ ಹಸಿರು ಸಸಿಯೇ, ಬಿಳಿ ಕೊಂಬೆಯ ಬೀಜದಿಂದ ಬಿಳಿ ಸಸಿಯೇ ಹುಟ್ಟುತ್ತದೆ. ಆಹಾರ ತಯಾರಿಸಿಕೊಳ್ಳಲಾಗದ ಬಿಳಿ ಸಸಿ ಬೇಗನೆ ಸಾಯುತ್ತದೆ. ಹಸಿರಿನ ಕಣಗಳು ತಾಯಿಯ ಕಡೆಯಿಂದ ಮಾತ್ರ ಬರುತ್ತವೆ ಎಂಬುದಕ್ಕೆ ದಾರಿ ತೋರಿದ ಈ ಪ್ರಯೋಗವನ್ನು ಜರ್ಮನ್ ಸಸ್ಯವಿಜ್ಞಾನಿ ಕಾರ್ಲ್ ಕೊರೆನ್ಸ್ 1909ರಲ್ಲಿ ಪ್ರಕಟಿಸಿದರು.

ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಡುವುದೂ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮೇಲಾದುದೂ ಮುಟ್ಟಿದರೆ ಮುನಿಯ ಪ್ರಯೋಗ. ಮುಟ್ಟಿದೊಡನೆ ಎಲೆ ಮಡಚಿಕೊಳ್ಳುವುದು ಎಲ್ಲರಿಗೂ ಗೊತ್ತು; ತೊಟ್ಟಿನ ಬುಡದಲ್ಲಿರುವ ಸಣ್ಣ ಉಬ್ಬನ್ನು ಮಾತ್ರ ಗಮನಿಸುವವರು ಕಡಿಮೆ. ಆ ಉಬ್ಬಿನ ಒಂದು ಬದಿಯ ಜೀವಕೋಶಗಳಿಂದ ಪೊಟ್ಯಾಸಿಯಂ ಅಯಾನುಗಳು ಹೊರಹೋಗುತ್ತವೆ, ಅವುಗಳ ಹಿಂದೆಯೇ ನೀರೂ ಹೋಗುತ್ತದೆ, ಬಿಗಿ ಕಳೆದುಕೊಂಡ ಆ ಬದಿ ಕುಸಿದು ಎಲೆ ಜೋಲುತ್ತದೆ. ಇದೇ ಎಲೆ ಯಾರೂ ಮುಟ್ಟದಿದ್ದರೂ ರಾತ್ರಿ ಮಡಚಿ ಬೆಳಿಗ್ಗೆ ಬಿಚ್ಚಿಕೊಳ್ಳುತ್ತದೆ. ಅದಕ್ಕೆ ಬೆಳಕೇ ಕಾರಣವೇ ಎಂದು ತಿಳಿಯಲು 1729ರಲ್ಲಿ ಫ್ರಾನ್ಸಿನ ವಿಜ್ಞಾನಿ ಡಿ ಮೈರಾನ್ ಗಿಡವನ್ನು ಕತ್ತಲಲ್ಲಿಟ್ಟು ನೋಡಿದರು. ಕತ್ತಲಲ್ಲೂ ಅದು ಹಗಲಿನಲ್ಲಿ ಎಲೆ ಬಿಚ್ಚುತ್ತಿತ್ತು.

ಇದನ್ನು ನೀವೂ ಮಾಡಬಹುದು. ಚೆನ್ನಾಗಿ ಬೆಳೆದ ಗಿಡಕ್ಕೆ ಸಂಜೆ ನೀರು ಹಾಕಿ, ಪೆಟ್ಟಿಗೆಯೊಳಗಿಟ್ಟು, ಪೆಟ್ಟಿಗೆಯನ್ನು ಕತ್ತಲೆಯ ಕಪಾಟಿನಲ್ಲಿಡಿ. ಮರುದಿನ ಬೆಳಗಿನ ಜಾವ, ನಡುಹಗಲು ಮತ್ತು ರಾತ್ರಿ ತೀರ ಮಂದವಾದ ಬೆಳಕಿನಲ್ಲಿ ಕ್ಷಣಕಾಲ ಇಣುಕಿ ಎಲೆಗಳ ಸ್ಥಿತಿಯನ್ನು ಬರೆದುಕೊಳ್ಳಿ. ಪೆಟ್ಟಿಗೆ ಅಲುಗಾಡಿದರೆ ಎಲೆ ಮಡಚಿಕೊಳ್ಳುತ್ತದೆ, ಆಗ ನೋಡಿದ್ದು ಲೆಕ್ಕಕ್ಕೆ ಬಾರದು. ಮುಚ್ಚಳ ತೆರೆಯುವ ಬದಲು ಪೆಟ್ಟಿಗೆಯ ಬದಿಯಲ್ಲಿ ಮುಚ್ಚಿ ತೆರೆಯಬಹುದಾದ ಸೀಳೊಂದನ್ನು ಮೊದಲೇ ಕತ್ತರಿಸಿಟ್ಟುಕೊಳ್ಳುವುದು ಮೇಲು. ಎರಡು ಮೂರು ದಿನಗಳಿಗಿಂತ ಹೆಚ್ಚು ಇಡಬೇಡಿ, ಗಿಡ ಸೊರಗುತ್ತದೆ. ಎಲೆ ಬಿಚ್ಚುವ ವೇಳೆ ದಿನದಿಂದ ದಿನಕ್ಕೆ ತುಸು ಬೇಗನೆ ಬರುವಂತೆ ಕಂಡರೆ ಅದು ನಿಮ್ಮ ತಪ್ಪಲ್ಲ: ನಿರಂತರ ಬೆಳಕಿನಲ್ಲಿಟ್ಟ ಗಿಡ ಒಮ್ಮೆ ಎಲೆ ಬಿಚ್ಚಿ ಮತ್ತೆ ಬಿಚ್ಚುವ ಆವರ್ತ ಸುಮಾರು 22–23 ಗಂಟೆಗಳದ್ದೆಂದು ಸ್ವಿಸ್ ಸಸ್ಯವಿಜ್ಞಾನಿ ಡಿ ಕ್ಯಾಂಡೋಲ್ 1832ರಲ್ಲೇ ಗುರುತಿಸಿದ್ದರು. ಹೊರಗಿನ ಸೂರ್ಯನನ್ನೇ ಗಿಡ ಹೇಗೋ ಅರಿಯುತ್ತಿದ್ದರೆ ಆವರ್ತ ಸರಿಯಾಗಿ 24 ಗಂಟೆಗಳಿರಬೇಕಿತ್ತು; ಹಾಗಿಲ್ಲದಿರುವುದರಿಂದಲೇ ಗಡಿಯಾರ ಗಿಡದೊಳಗಿದೆ ಎನ್ನಬಹುದು.

ಬೇಗನೆ ಮುಗಿಯುವ ಪ್ರಯೋಗ ಬೇಕೆನ್ನುವವರು ನೀಲಿ ಶಂಖಪುಷ್ಪವನ್ನು ಬಿಸಿನೀರಿನಲ್ಲಿ ನೆನೆಸಿ, ಬಂದ ನೀಲಿ ನೀರಿಗೆ ನಿಂಬೆರಸ ಹಿಂಡಲಿ, ನೇರಳೆಯಾಗುತ್ತದೆ. ಇನ್ನೊಂದು ಲೋಟಕ್ಕೆ ಅಡುಗೆ ಸೋಡಾ ಹಾಕಲಿ, ಹಸಿರಿನತ್ತ ತಿರುಗುತ್ತದೆ. ಆಮ್ಲ, ಕ್ಷಾರಗಳಿಗೆ ತಕ್ಕಂತೆ ಬಣ್ಣ ಬದಲಿಸುವ ಆಂಥೋಸಯನಿನ್ ಎಂಬ ವರ್ಣದ್ರವ್ಯ ಇದಕ್ಕೆ ಕಾರಣ. ಇದೇ ಬಗೆಯಲ್ಲಿ ಬೇರೆ ಹೂಗಳನ್ನು ಪರೀಕ್ಷಿಸುವಾಗ ಕಣಗಿಲೆ ಮತ್ತು ದತ್ತೂರಗಳನ್ನು ಬಿಟ್ಟುಬಿಡಿ, ಎರಡೂ ವಿಷಕಾರಿ. ಪ್ರಯೋಗಕ್ಕೆ ಬಳಸಿದ ಲೋಟಗಳನ್ನು ಕುಡಿಯಲು ಬಳಸುವ ಪಾತ್ರೆಗಳೊಂದಿಗೆ ಬೆರೆಸಬೇಡಿ.