ಗೊರಕೆಯ ಬಗ್ಗೆ ನಾನು ಕೇಳುವುದೇಕೆ

ಯಕೃತ್ತಿನ ಕಸಿಯಾದ ಮಕ್ಕಳು ತಪಾಸಣೆಗೆ ಬಂದಾಗ, ರಕ್ತದ ವರದಿ ತೆರೆಯುವ ಮೊದಲೇ ತಾಯಂದಿರನ್ನು ಕೇಳುತ್ತೇನೆ: ಮಗು ಈಚೆಗೆ ಗೊರಕೆ ಹೊಡೆಯುತ್ತಿದೆಯೇ? ಬಾಯಿ ತೆರೆದು ಮಲಗುತ್ತದೆಯೇ?

ಕಾರಣ, ಎಪ್‌ಸ್ಟೀನ್-ಬಾರ್ ವೈರಸ್. 1964ರಲ್ಲಿ ಪತ್ತೆಯಾದ ಇದು ದೊಡ್ಡವರಲ್ಲಿ ಬಹುತೇಕ ಎಲ್ಲರ ಮೈಯಲ್ಲೂ ತೆಪ್ಪಗೆ ಇರುತ್ತದೆ. ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳು ಅದನ್ನು ತಲೆ ಎತ್ತಲು ಬಿಡುವುದಿಲ್ಲ. ಪುಟ್ಟ ಮಕ್ಕಳಲ್ಲಿ ಎಷ್ಟೋ ಮಂದಿಗೆ ಅದು ಇನ್ನೂ ತಗಲಿರುವುದಿಲ್ಲ. ಅಪ್ಪನೋ ಅಮ್ಮನೋ ಕೊಟ್ಟ ಯಕೃತ್ತಿನ ಜೊತೆಗೇ ವೈರಸ್ ಒಳಗೆ ಬರಬಹುದು. ಅದೇ ಹೊತ್ತಿಗೆ, ಹೊಸ ಅಂಗವನ್ನು ದೇಹ ತಿರಸ್ಕರಿಸದಿರಲೆಂದು ಟ್ಯಾಕ್ರೊಲಿಮಸ್ ಕೊಟ್ಟು ನಾವೇ ಟಿ ಕೋಶಗಳ ಕೈ ಕಟ್ಟಿರುತ್ತೇವೆ. ವೈರಸ್ ಹೊಕ್ಕ ಬಿ ಕೋಶಗಳು (ಇವೂ ರೋಗನಿರೋಧಕ ಕೋಶಗಳೇ) ಅಂಕೆಯಿಲ್ಲದೆ ಹೆಚ್ಚಿ ಗಡ್ಡೆ ಕಟ್ಟುತ್ತವೆ. ಕಸಿಯ ನಂತರ ಹೀಗೆ ಕೋಶಗಳು ಮಿತಿಮೀರಿ ಬೆಳೆಯುವ ಈ ಕಾಯಿಲೆಯನ್ನು ಪಿಟಿಎಲ್‌ಡಿ ಎನ್ನುತ್ತೇವೆ. ಗಡ್ಡೆ ಟಾನ್ಸಿಲ್‌ನಲ್ಲಿ ಕಟ್ಟಿದರೆ ಉಸಿರಿನ ದಾರಿ ಕಿರಿದಾಗಿ ಮಗು ಗೊರಕೆ ಹೊಡೆಯುತ್ತದೆ. ಮೊದಲ ವರ್ಷದಲ್ಲೇ ಅಪಾಯ ಹೆಚ್ಚು.

ಒಬ್ಬ ಹುಡುಗಿಯ ಗಂಟಲಲ್ಲಿ ಟಾರ್ಚ್ ಬಿಟ್ಟು ನೋಡಿದಾಗ ಎರಡು ಟಾನ್ಸಿಲ್‌ಗಳೂ ನಡುವೆ ಒಂದಕ್ಕೊಂದು ತಾಗಿದ್ದವು. ಕುತ್ತಿಗೆಯಲ್ಲಿ ಗಂಟುಗಳಿದ್ದವು. ಪಿಸಿಆರ್‌ನಲ್ಲಿ ವೈರಸ್ ಪ್ರಮಾಣ ಏರುತ್ತಲೇ ಇತ್ತು. ಆದರೆ ಆ ಸಂಖ್ಯೆಯೊಂದನ್ನೇ ನಂಬಿ ನಾನು ರೋಗದ ಹೆಸರು ಹೇಳುವುದಿಲ್ಲ. ಅಂಗಾಂಶ ಬೇಕೇ ಬೇಕು. ಟಾನ್ಸಿಲ್ ತೆಗೆಸಿ ಬಯಾಪ್ಸಿಗೆ ಕಳಿಸಿದೆವು. ವೈರಸ್ಸಿನ ಆರ್‌ಎನ್‌ಎ ಇದ್ದ ಕೋಶಗಳೆಲ್ಲ ಸೂಕ್ಷ್ಮದರ್ಶಕದಡಿ ಕಪ್ಪು ಚುಕ್ಕೆಗಳಾಗಿ ಕಂಡವು.

ಚಿಕಿತ್ಸೆಯ ಮೊದಲ ಹೆಜ್ಜೆ ಟ್ಯಾಕ್ರೊಲಿಮಸ್ ಇಳಿಸುವುದು. ತಿರಸ್ಕಾರ ತಡೆಯುವ ಔಷಧ ಇಳಿಸಿದಷ್ಟಕ್ಕೇ ಕೆಲವು ಗಡ್ಡೆಗಳು ಕರಗುತ್ತವೆಂದು, ಟ್ಯಾಕ್ರೊಲಿಮಸ್ ಬಳಕೆಗೆ ಬರುವ ಮೊದಲು, ಸೈಕ್ಲೋಸ್ಪೊರಿನ್ ಕೊಡುತ್ತಿದ್ದ 1984ರಲ್ಲೇ ಯಕೃತ್ ಕಸಿಯ ಆದ್ಯ ಶಸ್ತ್ರವೈದ್ಯ ಥಾಮಸ್ ಸ್ಟಾರ್ಜಲ್ ತಂಡ ತೋರಿಸಿತ್ತು. ಯಕೃತ್ತು ದಾನ ಮಾಡಿದ್ದ ತಂದೆ ಕೇಳಿದರು, "ಔಷಧ ಕಡಿಮೆ ಮಾಡಿದರೆ ನಾನು ಕೊಟ್ಟದ್ದು ಕೆಡುವುದಿಲ್ಲವೇ ಡಾಕ್ಟರೇ?" ಕೆಡುವ ಸಾಧ್ಯತೆ ಇದೆ, ಹಾಗಾದರೆ ಅದನ್ನು ಹತೋಟಿಗೆ ತರಲು ನಮ್ಮಲ್ಲಿ ದಾರಿಗಳಿವೆ, ಗಡ್ಡೆಯನ್ನು ಬಿಟ್ಟರೆ ಮಾತ್ರ ಮಗುವೇ ಉಳಿಯದಿರಬಹುದು ಎಂದು ನೇರವಾಗಿಯೇ ಹೇಳಿದೆ. ಪದೇ ಪದೇ ಯಕೃತ್ತಿನ ಕಿಣ್ವಗಳನ್ನು ನೋಡುತ್ತಾ ಔಷಧ ಇಳಿಸಿದೆವು. ಗಂಟುಗಳು ಪೂರ್ತಿ ಕರಗಲಿಲ್ಲ. ಹೆಪಟೈಟಿಸ್ ಬಿ ಇಲ್ಲವೆಂದು ಖಚಿತಪಡಿಸಿಕೊಂಡು, ಬಿ ಕೋಶಗಳನ್ನು ನಾಶಮಾಡುವ ರಿಟುಕ್ಸಿಮ್ಯಾಬ್ ಕೊಟ್ಟೆವು. ಅದಕ್ಕೆ ಬಗ್ಗಿದವು.

ಊರಿನ ಮಕ್ಕಳ ವೈದ್ಯರಲ್ಲಿ ನನ್ನದೊಂದು ಕಳಕಳಿಯ ವಿನಂತಿ. ಕಸಿಯಾದ ಮಗುವಿನ ಟಾನ್ಸಿಲ್ ಊದಿದೆಯೆಂದು ಕ್ಲಾರಿಥ್ರೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ಬರೆಯುವ ಮೊದಲು ನಮಗೊಂದು ಫೋನ್ ಮಾಡಿ. ಅದು ರಕ್ತದಲ್ಲಿ ಟ್ಯಾಕ್ರೊಲಿಮಸ್ ಮಟ್ಟವನ್ನು ಏರಿಸುತ್ತದೆ. ನಾವು ಇಳಿಸಬೇಕಾಗಿರುವುದು ಅದನ್ನೇ.