ಕ್ಲಾಸ್‌ಗಳಿಲ್ಲದ ಶೂಟರ್: ಹನ್ನೆರಡು ಅಂಕದ ಲೆಕ್ಕ ಕೊನೆಗೂ ಕೂಡಿಬಂದ ಬಗೆ

ಮೆಡಿಕ್, ಸ್ನೈಪರ್, ಎಂಜಿನಿಯರ್ ಎಂಬ ಸಿದ್ಧ ಕ್ಲಾಸ್‌ಗಳನ್ನು (ಮೊದಲೇ ನಿಗದಿಯಾದ ಪಾತ್ರಗಳನ್ನು) ಕೈಬಿಟ್ಟು, ಆಟಗಾರನೇ ತನ್ನ ಪಾತ್ರವನ್ನು ಕಟ್ಟಿಕೊಳ್ಳುವ ಶೂಟರ್ (ಗುಂಡು ಹಾರಿಸುವ ವಿಡಿಯೊ ಗೇಮ್) ಮಾಡುತ್ತೇನೆಂದು ನಾನು ಹೊರಟಾಗ, ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುವ ಗೆಳೆಯರಲ್ಲಿ ಹೆಚ್ಚಿನವರು ಬೇಡವೆಂದೇ ಹೇಳಿದರು. ಅವರ ಬಳಿ ಬಲವಾದ ಉದಾಹರಣೆಯೂ ಇತ್ತು. 2021ರ ಬ್ಯಾಟಲ್‌ಫೀಲ್ಡ್ 2042 ಹಳೆಯ ಕ್ಲಾಸ್‌ಗಳನ್ನು ತೆಗೆದು, ಯಾವ ಸ್ಪೆಷಲಿಸ್ಟ್ (ಆ ಆಟದ ಪಾತ್ರ) ಆದರೂ ಯಾವ ಬಂದೂಕನ್ನಾದರೂ ಹಿಡಿಯಬಹುದೆಂದಿತು. ಆಟಗಾರರ ಅಸಮಾಧಾನದ ನಂತರ 2023ರಲ್ಲಿ ಕ್ಲಾಸ್‌ಗಳಿಗೇ ಮರಳಿತು. ನನ್ನ ಉತ್ತರ 2012ರ ಕಾಲ್ ಆಫ್ ಡ್ಯೂಟಿ: ಬ್ಲ್ಯಾಕ್ ಆಪ್ಸ್ 2 ಆಟದ ‘ಪಿಕ್ 10’ ಪದ್ಧತಿ ಆಗಿತ್ತು. ಅಲ್ಲಿ ಬಂದೂಕು, ಅದರ ಬಿಡಿಭಾಗ, ಪರ್ಕ್ (ಹೆಚ್ಚುವರಿ ಸಾಮರ್ಥ್ಯ), ಗ್ರೆನೇಡ್ ಎಲ್ಲವೂ ಹತ್ತು ಅಂಕದೊಳಗೆ ಬರಬೇಕು. ಸ್ವಾತಂತ್ರ್ಯಕ್ಕೆ ಬೆಲೆಯಿದ್ದರೆ, ಮತ್ತು ಕೊಂಡದ್ದು ಎದುರಾಳಿಯ ಕಣ್ಣಿಗೂ ಬೀಳುವಂತಿದ್ದರೆ, ಕ್ಲಾಸ್ ಬೇಕಿಲ್ಲವೆಂಬುದು ನನ್ನ ವಾದ.

ಪಿಕ್ 10ರಲ್ಲಿ ಪ್ರತಿಯೊಂದಕ್ಕೂ ತಲಾ ಒಂದೇ ಅಂಕ. ನಾನೂ ಮೊದಲು ಹಾಗೆಯೇ ಇಟ್ಟು, ಒಟ್ಟು ಅಂಕವನ್ನು ಮಾತ್ರ ಹನ್ನೆರಡು ಮಾಡಿದೆ. ಎರಡನೆಯ ಪ್ಲೇಟೆಸ್ಟ್ (ಜನರಿಂದ ಆಡಿಸಿ ನೋಡುವ ಪರೀಕ್ಷೆ) ಮುಗಿಯುವ ಹೊತ್ತಿಗೆ ಸುಮಾರು ಮುಕ್ಕಾಲು ಪಾಲು ಜನ ಒಂದೇ ಬಿಲ್ಡಿಗೆ (ಆಯ್ದ ವಸ್ತುಗಳ ಜೋಡಣೆಗೆ) ಬಂದು ನಿಂತರು: ದೂರ ಹೊಡೆಯುವ ರೈಫಲ್, ತನಗೆ ತಾನೇ ಚುಚ್ಚಿಕೊಳ್ಳುವ ಔಷಧಿ, ಓಟದ ವೇಗ. ತಂಡವೆಂಬುದೇ ಉಳಿಯಲಿಲ್ಲ. ರೈಫಲನ್ನು ನೆರ್ಫ್ ಮಾಡಿದರೆ, ಅಂದರೆ ಅದರ ಬಲ ತಗ್ಗಿಸಿದರೆ, ಅದೇ ಜಾಗಕ್ಕೆ ಎಸ್‌ಎಂಜಿ (ಸಬ್‌ಮಷೀನ್ ಗನ್) ಬಂದು ಕೂರುತ್ತಿತ್ತು. ಬಂದೂಕಿನ ಹಾನಿಯನ್ನು ತಿದ್ದುತ್ತ ಕುಳಿತರೆ ಈ ರೋಗ ವಾಸಿಯಾಗುವುದಿಲ್ಲ. ತನಗೆ ಬಳಸಿಕೊಳ್ಳುವ ಔಷಧಿಗೆ ಐದು ಅಂಕ, ಇತರರಿಗೆ ಮಾತ್ರ ಕೊಡಬಹುದಾದ ಔಷಧಿಗೆ ಒಂದೇ ಅಂಕ ಎಂದು ಬೆಲೆ ಕಟ್ಟಿದ ಮೇಲೆಯೇ ಚಿತ್ರ ಬದಲಾಯಿತು. ಕ್ಲಾಸ್‌ಗಳಿದ್ದ ಹಳೆಯ ಆವೃತ್ತಿಯಲ್ಲಿ ಮೆಡಿಕ್ ಆಗಲು ಯಾರೂ ಒಪ್ಪುತ್ತಿರಲಿಲ್ಲ. ಈಗ ಆರು ಜನರ ತಂಡದಲ್ಲಿ ಇಬ್ಬರಾದರೂ ಉಳಿದ ಒಂದಂಕಕ್ಕೆ ಆ ಔಷಧಿಯ ಪೆಟ್ಟಿಗೆಯನ್ನು ಹೊತ್ತು ಬರುತ್ತಾರೆ. ಒಂದೇ ಜಾತಿಯ ಎರಡನೆಯ ವಸ್ತುವಿಗೆ ಬೆಲೆ ಏರುತ್ತದೆ ಎಂಬುದು ಇನ್ನೊಂದು ನಿಯಮ. ಬೆಲೆಗಳನ್ನು ವಾರವಾರ ಹೇಗೆ ತಿದ್ದುತ್ತೇನೆಂಬ ಸೂತ್ರವನ್ನು ಇಲ್ಲಿ ಬರೆಯುವುದಿಲ್ಲ. ಗೆಲುವಿನ ಪ್ರಮಾಣವನ್ನಷ್ಟೇ ನೋಡುವವರು ಎಡವುತ್ತಾರೆ ಎಂದು ಮಾತ್ರ ಹೇಳಬಲ್ಲೆ.

ಇದಕ್ಕಿಂತ ಹೆಚ್ಚು ಕಾಡಿದ್ದು ಗುರುತಿನ ಪ್ರಶ್ನೆ: ದೂರದ ಎದುರಾಳಿ ಏನು ಹೊತ್ತಿದ್ದಾನೆಂದು ತಿಳಿಯುವುದು ಹೇಗೆ? 1080 ಪಿಕ್ಸೆಲ್ ಎತ್ತರದ ಪರದೆಯಲ್ಲಿ, ಲಂಬ ನೋಟಕೋನ (ಮೇಲಿಂದ ಕೆಳಕ್ಕೆ ಕಾಣುವ ವ್ಯಾಪ್ತಿ) ಅರವತ್ತು ಡಿಗ್ರಿ ಇದ್ದರೆ, ನಲವತ್ತು ಮೀಟರ್ ಆಚೆ ನಿಂತ ಮನುಷ್ಯ ನಲವತ್ತು ಪಿಕ್ಸೆಲ್ ಚಿಲ್ಲರೆ ಎತ್ತರವಿರುತ್ತಾನೆ. ಅವನ ಬೆನ್ನಿನ ಚೀಲ ಹತ್ತು ಪಿಕ್ಸೆಲ್ ಕೂಡ ದಾಟುವುದಿಲ್ಲ. ಅಷ್ಟರಲ್ಲಿ ಬಣ್ಣ ನಂಬಿಕೆಗೆ ಬರುವುದಿಲ್ಲ, ಆಕಾರ ಮಾತ್ರ ಉಳಿಯುತ್ತದೆ. ಆದ್ದರಿಂದ ಅತಿ ಹೆಚ್ಚು ಅಂಕದ ವಸ್ತು ಯಾವುದೋ ಅದು ದೇಹದ ಹೊರರೇಖೆಯನ್ನು ಮುರಿಯಲೇಬೇಕೆಂದು ಕಟ್ಟುಮಾಡಿದೆ: ಗುರಾಣಿಯಾದರೆ ಎಡ ಮೊಣಕೈಯಿಂದಾಚೆ ಚಾಚುತ್ತದೆ, ಔಷಧಿಯ ಸಿಲಿಂಡರ್ ತಲೆಗಿಂತ ಮೇಲೆ ಏಳುತ್ತದೆ. ಹೊರರೇಖೆ ಬೇರೆಯಾಗಿ ಕಾಣಲು ಪಾತ್ರಕ್ಕೆ ಮೂರು ಮೈಕಟ್ಟುಗಳನ್ನೂ ಇಟ್ಟೆ, ಆ ಉಪಾಯ ನನ್ನದಲ್ಲ. 1998ರ ಸ್ಟಾರ್‌ಸೀಜ್: ಟ್ರೈಬ್ಸ್‌ನಲ್ಲೇ ಹಗುರ, ಮಧ್ಯಮ, ಭಾರ ಎಂಬ ಕವಚಗಳಿದ್ದವು, 2023ರ ದ ಫೈನಲ್ಸ್ ಬಿಡುಗಡೆಯಾದಾಗ ಅದೇ ಮೂರು ಬಗೆಗೆ 150, 250, 350 ಎಂದು ಹೆಲ್ತ್ (ಸಾಯುವ ಮುನ್ನ ತಾಳಬಲ್ಲ ಹಾನಿ) ಇಟ್ಟಿತ್ತು. ಮೈಕಟ್ಟನ್ನೂ ಅಂಕದಿಂದಲೇ ಕೊಳ್ಳುವಂತೆ ಮಾಡಿದ್ದು ನನ್ನದು, ಮತ್ತು ಆ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇದೆ.

ಹಣದ ವಿಷಯ. ಒಂಬತ್ತು ಕ್ಲಾಸ್‌ಗಳಿಗೆ ಒಂಬತ್ತು ಮಾಡೆಲ್ ಮಾಡಿಸಲು ಒಬ್ಬರು ಹತ್ತಿರಹತ್ತಿರ ಎಂಟು ಲಕ್ಷ ಕೇಳಿದ್ದರು. ಒಂದೇ ಅಸ್ಥಿಪಂಜರ (ಮಾಡೆಲನ್ನು ಚಲಿಸುವ ಒಳಚೌಕಟ್ಟು), ಮೂರು ದೇಹ, ಇಪ್ಪತ್ತೈದರಷ್ಟು ಬಿಡಿಭಾಗಗಳೆಂದು ಒಡೆದಾಗ ಅದು ನಾಲ್ಕರ ಆಸುಪಾಸಿಗೆ ಇಳಿಯಿತು. ಆದರೆ ಭಾರದ ದೇಹ ಬಾಗಿದಾಗ ಸಿಲಿಂಡರ್ ಹೆಗಲೊಳಗೆ ತೂರಿಕೊಳ್ಳುತ್ತಿತ್ತು, ಅದನ್ನು ಸರಿಪಡಿಸುವ ವೆಯಿಟ್ ಪೇಂಟಿಂಗಿಗೆ (ಯಾವ ಮೂಳೆ ಮೈಯ ಯಾವ ಭಾಗವನ್ನು ಎಷ್ಟು ಎಳೆಯಬೇಕೆಂದು ಗುರುತು ಮಾಡುವ ಕೆಲಸಕ್ಕೆ) ಇನ್ನೊಂದು ಲಕ್ಷ ಹೋಯಿತು. ನೆಟ್‌ವರ್ಕಿನಲ್ಲಿ ಖರ್ಚೇನೂ ಹೆಚ್ಚಲಿಲ್ಲ. ಬಿಲ್ಡಿನಲ್ಲಿ ವಸ್ತುಗಳಿಗೆ ಆರು ಜಾಗ, ತಲಾ ಐದು ಬಿಟ್, ಎಲ್ಲ ಸೇರಿ ಒಂದೇ 32 ಬಿಟ್ ಸಂಖ್ಯೆಯಲ್ಲಿ ಕೂರುತ್ತದೆ. ಸ್ಪಾನ್ ಆದಾಗ (ಆಟಗಾರ ಮೈದಾನಕ್ಕೆ ಇಳಿದಾಗ) ಒಮ್ಮೆ ಕಳುಹಿಸಿದರೆ ಸಾಕು. ಯಾರೂ ಮೋಸ ಮಾಡದಂತೆ ಅಂಕಗಳ ಮೊತ್ತವನ್ನು ಸರ್ವರ್ ತಾನೇ ಮತ್ತೆ ಕೂಡಿ ನೋಡಬೇಕೆಂಬುದನ್ನು ನಿಮಗೆ ಹೇಳಬೇಕಾಗಿಲ್ಲ.

ನಡುವೆ ಬಾಟ್‌ಗಳಿಗೆ (ಕಂಪ್ಯೂಟರ್ ಆಡಿಸುವ ಆಟಗಾರರಿಗೆ) ಮನಬಂದ ಬಿಲ್ಡ್ ಕೊಟ್ಟು ರಾತ್ರಿಯಿಡೀ ಸಾವಿರಾರು ಮ್ಯಾಚ್ ಆಡಿಸಿ ನೋಡಿದೆ. ಗುರಾಣಿಯೇ ಅಜೇಯವೆಂದು ಲೆಕ್ಕ ಹೇಳಿತು. ಕಾರಣ ಸರಳ: ನನ್ನ ಬಾಟ್‌ಗಳಿಗೆ ಸುತ್ತುಬಳಸಿ ಹಿಂದಿನಿಂದ ಬರುವುದು ಗೊತ್ತಿರಲಿಲ್ಲ. ಆ ಅಂಕಿಗಳನ್ನು ಎಸೆದೆ, ಆದರೆ ಸರ್ವರ್ ಕೋಡಿನಲ್ಲಿದ್ದ ಎರಡು ಕ್ರ್ಯಾಶ್‌ಗಳು ಪುಕ್ಕಟೆಯಾಗಿ ಸಿಕ್ಕವು. ಮ್ಯಾಚಿನ ಮುಂಚೆ ತಂಡದಲ್ಲಿ ಏನು ಕೊರತೆಯಿದೆಯೆಂದು ತೋರಿಸುವ ಪಟ್ಟಿಯೊಂದನ್ನು ಸೇರಿಸಿದ್ದು ಹೆಚ್ಚು ಫಲ ಕೊಟ್ಟಿತು. ಅದರಲ್ಲಿ ಸಾಲುಗಳ ಕ್ರಮ ಮುಖ್ಯ, ಆ ಕ್ರಮವನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಈಗ ಅತಿ ಜನಪ್ರಿಯ ಬಿಲ್ಡ್ ಕೂಡ ಆಟಗಾರರಲ್ಲಿ ನೂರಕ್ಕೆ ಹನ್ನೆರಡು ಹದಿಮೂರನ್ನು ಮೀರುವುದಿಲ್ಲ, ಬೇಡವೆಂದಿದ್ದವರಲ್ಲಿ ಒಬ್ಬರು ನನ್ನ ಬೆಲೆಪಟ್ಟಿಯನ್ನು ಕೇಳಿ ಪಡೆದಿದ್ದಾರೆ. ಹೊಗೆ ಗ್ರೆನೇಡಿನ ಬೆಲೆ ಮಾತ್ರ ಇನ್ನೂ ನಿಂತಿಲ್ಲ. ಎರಡಕ್ಕೆ ಇಟ್ಟರೆ ಮೈದಾನ ತುಂಬ ಹೊಗೆ, ಮೂರಕ್ಕೆ ಏರಿಸಿದರೆ ಕೊಳ್ಳುವವರೇ ಇಲ್ಲ. ಹಾಗಾಗಿ ಮುಂದಿನ ಆವೃತ್ತಿಯಲ್ಲಿ ಎಲ್ಲ ಅಂಕಗಳನ್ನೂ ದುಪ್ಪಟ್ಟು ಮಾಡಿ, ಹನ್ನೆರಡನ್ನು ಇಪ್ಪತ್ತನಾಲ್ಕಾಗಿಸಿ, ಹೊಗೆಗೆ ಐದು ಕೊಟ್ಟು ನೋಡಲಿದ್ದೇನೆ.