ಲಾರಿಗಳು ತೆವಳುವ ಪಥದಲ್ಲಿ ಪಾಲಿಮರ್ ಡಾಂಬರು: ನನ್ನ ಅನುಭವ

ತುಮಕೂರು–ಶಿರಾ ನಡುವಿನ ರಾಷ್ಟ್ರೀಯ ಹೆದ್ದಾರಿ 48ರಲ್ಲಿ, ಭಾರ ಹೊತ್ತ ಲಾರಿಗಳು ಏರು ಹತ್ತಲು ತಿಣುಕುವ ಎಡಪಥದಲ್ಲಿ, ನಾವು ಪಿ.ಎಂ.ಬಿ.ಯಿಂದ (ಪಾಲಿಮರ್ ಬೆರೆಸಿದ ಡಾಂಬರು) ಹಾಕಿದ 40 ಮಿ.ಮೀ. ಬಿ.ಸಿ. (ಬಿಟುಮಿನಸ್ ಕಾಂಕ್ರೀಟ್, ರಸ್ತೆಯ ಮೇಲ್ಮೈ) ಪದರ ಸುಮಾರು ಆರು ಮಳೆಗಾಲ ಕಂಡಿದೆ. ಮೂರು ಮೀಟರ್ ಪಟ್ಟಿ ಇಟ್ಟು ಅಳೆದರೆ ಗಾಲಿಜಾಡು (ಚಕ್ರಗಳು ಒತ್ತಿ ಬಿದ್ದ ತಗ್ಗು) ಇನ್ನೂ 5–6 ಮಿ.ಮೀ. ಮೀರಿಲ್ಲ. ಅಲ್ಲೇ ಮೊದಲಿದ್ದ ವಿ.ಜಿ.-30ರ (ಪಾಲಿಮರ್ ಇಲ್ಲದ ಸಾಮಾನ್ಯ ಡಾಂಬರು) ಪದರ ಎರಡನೇ ಬೇಸಿಗೆಗೇ 20 ಮಿ.ಮೀ.ಗೂ ಮಿಕ್ಕಿ ಕುಸಿದಿತ್ತು.

ಪಿ.ಎಂ.ಬಿ.ಗೆ ಟನ್ನಿಗೆ ಹತ್ತು-ಹನ್ನೊಂದು ಸಾವಿರ ಹೆಚ್ಚು ಕೊಡುವುದು ದಂಡ ಎಂದವರ ಬಳಿ ಸಾಕ್ಷಿಯೂ ಇತ್ತು: ನಾವು ಹಾಕಿದ ಮೊದಲ ತುಂಡು. ಅದಕ್ಕೆ ಬಂದ ಮಾಲಿನ ಪ್ರಮಾಣಪತ್ರ ನಿರ್ದುಷ್ಟವಾಗಿತ್ತು. ಆದರೆ ಮಳೆಯಿಂದ ಕೆಲಸ ನಿಂತು ಎರಡು ದಿನ ತೊಟ್ಟಿಯಲ್ಲಿದ್ದ ಆ ಡಾಂಬರಿನ ಮೇಲಿನ ಮತ್ತು ತಳದ ಮಾದರಿಗಳ ಮೆದುಗೊಳ್ಳುವ ಬಿಂದುವಿನಲ್ಲಿ ಮೂರು ಡಿಗ್ರಿ ದಾಟಬಾರದ ಅಂತರ ಏಳೆಂಟಕ್ಕೆ ಹೋಗಿತ್ತು, ಅಂದರೆ ಪಾಲಿಮರ್ ಡಾಂಬರಿನಿಂದ ಬೇರ್ಪಟ್ಟಿತ್ತು. ಅದರಿಂದ ಹಾಕಿದ ರಸ್ತೆ ಒಂದೆಡೆ ಡಾಂಬರು ಉಕ್ಕಿಸಿತು, ಇನ್ನೊಂದೆಡೆ ಜಲ್ಲಿ ಕಿತ್ತುಕೊಂಡಿತು. ಕೆರೆದು ತೆಗೆಯಲು ಏಳೆಂಟು ಲಕ್ಷ ಕೈಬಿಟ್ಟಿತು. ಪೂರೈಕೆದಾರರು ಒಂದು ರೂಪಾಯಿ ಕೊಡಲಿಲ್ಲ.

ಅಂದಿನಿಂದ ತೊಟ್ಟಿಗೆ ಕಲಕುವ ಯಂತ್ರ ಕೂರಿಸಿದೆವು. ಪ್ರತಿ ಟ್ಯಾಂಕರಿನ ಮಾದರಿಯನ್ನು 15 ಡಿಗ್ರಿಯಲ್ಲಿ 10 ಸೆಂ.ಮೀ. ಎಳೆದು ನಡುವೆ ಕತ್ತರಿಸಿ, ಒಂದು ಗಂಟೆ ಬಿಟ್ಟು ಅದು ಎಷ್ಟು ಹಿಂದಕ್ಕೆ ಸರಿಯಿತೆಂದು ನಾವೇ ನೋಡುತ್ತೇವೆ. ಶೇ. 70ಕ್ಕಿಂತ ಕಡಿಮೆ ಬಂದರೆ ಟ್ಯಾಂಕರು ವಾಪಸ್. ಮಿಶ್ರಣ ಪ್ಲಾಂಟಿನಿಂದ 170 ಡಿಗ್ರಿಯ ಮೇಲೆ ಹೊರಟರೂ ಶಿರಾ ಬಯಲಿನ ಗಾಳಿಗೆ ಬೇಗ ಆರುವುದರಿಂದ, ಮೊದಲ ರೋಲರು ಪೇವರಿನ (ಮಿಶ್ರಣ ಹರಡುವ ಯಂತ್ರ) ಬೆನ್ನಿಗೇ ಇರಬೇಕು. ಟೈರ್ ರೋಲರಿಗೆ ಮಿಶ್ರಣ ಅಂಟದಂತೆ ನಾವು ಸವರುವುದು ಡೀಸೆಲ್ ಅಲ್ಲ ಎಂದಷ್ಟೇ ಹೇಳುತ್ತೇನೆ; ಅದನ್ನು ಕಂಡುಕೊಳ್ಳಲು ಒಂದು ಹಂಗಾಮು ಹಿಡಿಯಿತು.

ನಮ್ಮ ಕಡೆಯ ಗ್ರಾನೈಟ್ ಜಲ್ಲಿ ನೀರು ಕಂಡರೆ ಡಾಂಬರನ್ನು ಬಿಟ್ಟುಕೊಡುತ್ತದೆ. ಹೀಗಾಗಿ ಫಿಲ್ಲರಾಗಿ (ಜಲ್ಲಿಯ ಸಂದು ತುಂಬುವ ನುಣ್ಣನೆಯ ಪುಡಿ) ಶೇ. 2ರಷ್ಟು ಅರಳಿಸಿದ ಸುಣ್ಣ ಸೇರಿಸಿ ನೋಡಿದೆವು. ಸುಣ್ಣ ಹಾಕದ ತುಂಡಿಗಿಂತ ಅಂಚುಗಳು ಚೆನ್ನಾಗಿ ಉಳಿದಿವೆ. ಸರ್ವಿಸ್ ರಸ್ತೆಯಲ್ಲಿ ಪ್ಲಾಸ್ಟಿಕ್ ಚೂರು ಬೆರೆಸಿ ಮಾಡಿದ ಪ್ರಯೋಗವೂ ಪರವಾಗಿಲ್ಲ, ಆದರೆ ಈ ಏರಿಗೆ ನಾನು ಅದನ್ನು ನಂಬುವುದಿಲ್ಲ.

ಮೂರೂವರೆ ಮೀಟರ್ ಅಗಲದ ಪಥಕ್ಕೆ ಕಿಲೋಮೀಟರಿಗೆ ಸುಮಾರು 18 ಟನ್ ಡಾಂಬರು ಬೇಕು, ಅಂದರೆ ಎರಡು ಲಕ್ಷ ಹೆಚ್ಚುವರಿ ಖರ್ಚು. ಒಮ್ಮೆ ಮರುಪದರ ಹಾಕುವುದು ತಪ್ಪಿದರೆ ಇಪ್ಪತ್ತು ಲಕ್ಷದಷ್ಟು ಉಳಿಯುತ್ತದೆ. ಆದರೆ ಕೆಳಗಿನ ಡಿ.ಬಿ.ಎಂ. (ಮೇಲ್ಪದರವನ್ನು ಹೊರುವ ದಪ್ಪ ಡಾಂಬರು-ಜಲ್ಲಿ ಪದರ) ಮೊದಲೇ ಸೀಳಿದ್ದ ಕಡೆ ಅದೇ ಬಿರುಕುಗಳು ಮೂರನೇ ವರ್ಷ ಮೇಲೆ ಬಂದವು. ಪಾಲಿಮರ್ ಅವನ್ನು ತಡಮಾಡಿತೇ ಹೊರತು ತಡೆಯಲಿಲ್ಲ. ಮುಂದಿನ ತುಂಡಿನಲ್ಲಿ ಆ ಜಾಗಗಳ ಡಿ.ಬಿ.ಎಂ. ಕೂಡ ತೆಗೆಯುವ ಲೆಕ್ಕ ಹಾಕುತ್ತಿದ್ದೇವೆ.